ಸಿಡ್ನಿ–ಮೆಲ್ಬರ್ನ್ ದಾರಿಯ ಹಳ್ಳಿಗಾಡಿನಲ್ಲಿ ನಂಬಿ ಉಣ್ಣಬಹುದಾದ ಸ್ಥಳಗಳನ್ನು ಕುರಿತು

ಮಾನ್ಯ ಓದುಗರಲ್ಲಿ ವಿನಂತಿ.

ಮೊದಲನೆಯದಾಗಿ, ನನ್ನ ಕಾಗುಣಿತವೂ ಕೈಬರಹವೂ ತೃಪ್ತಿಕರವಾಗಿಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತಂದು ಕ್ಷಮೆ ಕೋರುತ್ತೇನೆ. ನಮ್ಮ ಮಹಿಳಾ ಸಮಾಜದ ಸಂಚಿಕೆಯನ್ನು ಕೈಬರಹದಲ್ಲಿಯೇ ಹೊರತರುವ ಪದ್ಧತಿ ಇರುವುದರಿಂದ ತಪ್ಪಿಸಿಕೊಳ್ಳುವ ದಾರಿ ಕಾಣಲಿಲ್ಲ. ಮದುವೆಗೆ ಮುಂಚೆ ಮೈಸೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದಾಗ ಪತ್ರಗಳ ಕರಡು ತಯಾರಿಸಿದ್ದನ್ನು ಬಿಟ್ಟರೆ ನಾನು ಬೇರೇನನ್ನೂ ಬರೆದವಳಲ್ಲ. ಆದಕಾರಣ ಈ ಲೇಖನವೂ ಅದೇ ಧಾಟಿಯಲ್ಲಿದ್ದಲ್ಲಿ ಮನ್ನಿಸಬೇಕು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ಸಮಾಜದ ಹಲವು ಸದಸ್ಯೆಯರ ಮಕ್ಕಳು ಈಗ ಸಿಡ್ನಿಯಲ್ಲಿಯೂ ಮೆಲ್ಬರ್ನ್‌ನಲ್ಲಿಯೂ ನೆಲೆಸಿದ್ದಾರೆ. ನೋಡಲು ಬಂದ ಹಿರಿಯರನ್ನು ಒಂದು ನಗರದಿಂದ ಇನ್ನೊಂದಕ್ಕೆ ಕಾರಿನಲ್ಲಿ ಕರೆದೊಯ್ಯುವುದು ವಾಡಿಕೆ. ಅದು ಇಡೀ ಹಗಲಿನ ಪ್ರಯಾಣ. ದಾರಿಯಲ್ಲಿ ನಾವು ತಿನ್ನುವಂಥದ್ದು ಸಿಗುತ್ತದೆಯೋ, ಬುತ್ತಿಯೇ ಗತಿಯೋ ಎಂದು ಕಳೆದ ಬಾರಿ ನಮ್ಮೂರಿಗೆ ಬಂದಾಗ ಅನೇಕರು ವಿಚಾರಿಸಿದರು. ಉತ್ತರಿಸಲು ನನಗಿರುವ ಅರ್ಹತೆಯೆಂದರೆ, ಆ ದಾರಿಯ ಒಂದು ಸಣ್ಣ ಊರಿನಲ್ಲಿ ನಾನು ಅನುಮಾನಪಡದ ಪದಾರ್ಥವಿಲ್ಲ.

ಆ ಊರಿನಲ್ಲಿ ನಮಗೆ ದೊರೆತ ಮೊದಲ ಸತ್ಕಾರವೆಂದರೆ, ಊಟಕ್ಕೆ ಕುಳಿತ ನಮ್ಮ ಬಳಿಗೆ ಯಾರೂ ಬರಲಿಲ್ಲ.

ಹಿನ್ನೆಲೆಯನ್ನು ತಿಳಿಸಬೇಕು. ಆಗ ನಾವು ಸಿಡ್ನಿಯ ಪ್ಯಾರಮಟ್ಟಾದಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ನಮ್ಮ ಯಜಮಾನರು ಮೈಸೂರಿನಲ್ಲಿ ವೈದ್ಯರಾಗಿದ್ದವರು. ಇಲ್ಲಿನ ಪರೀಕ್ಷೆಗಳು ಮುಗಿಯುವವರೆಗೆ ಒಂದು ಲ್ಯಾಬಿನಲ್ಲಿ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದರು. ಹೊರದೇಶದಲ್ಲಿ ಓದಿದ ವೈದ್ಯರಿಗೆ ನಗರದಲ್ಲಿ ಕೆಲಸ ದುರ್ಲಭ, ವೈದ್ಯರಿಲ್ಲದ ಹಳ್ಳಿಗಾಡಿಗೆ ಹೋಗಲು ಒಪ್ಪಿದರೆ ಸುಲಭ. ಸದರಿ ಊರಿನ ಆಸ್ಪತ್ರೆಯಿಂದ ಕರೆ ಬಂದಿತ್ತು. ಶನಿವಾರ, ಭಾನುವಾರ ಊರು ನೋಡಿ ಸೋಮವಾರ ಉತ್ತರ ಹೇಳಬೇಕಿತ್ತು. ಅವರು ಹೋಗುವುದು ನಿಶ್ಚಯವೇ ಆಗಿತ್ತು. ನಿಶ್ಚಯವಾಗದೆ ಉಳಿದದ್ದು, ನಾನೂ ಮಗಳು ಮೇಘನಾಳೂ ಜೊತೆಯಲ್ಲಿ ಹೋಗುವೆವೋ, ಅಥವಾ ಅವರೊಬ್ಬರೇ ಅಲ್ಲಿದ್ದು ತಿಂಗಳಿಗೊಮ್ಮೆ ಮನೆಗೆ ಬಂದುಹೋಗುವರೋ ಎಂಬುದು. ಪ್ಯಾರಮಟ್ಟಾದಲ್ಲಿ ತೊಗರಿಬೇಳೆ, ಕರಿಬೇವು ಸಿಗುತ್ತಿತ್ತು. ಕನ್ನಡದ ನಾಲ್ಕು ಮನೆಗಳಿದ್ದವು. ಮೇಲಾಗಿ ಅದೇ ಸಮಯದಲ್ಲಿ ಮೆಲ್ಬರ್ನ್‌ನ ರೈಲುಗಳಲ್ಲಿ ನಮ್ಮ ಕಡೆಯ ಹುಡುಗರಿಗೆ ಹೊಡೆದ ಸುದ್ದಿ ಮೈಸೂರಿನ ಟಿ.ವಿ.ಯಲ್ಲಿಯೂ ಬಂದು, ನನ್ನ ಅಕ್ಕ ಫೋನು ಮಾಡಿ, "ಕತ್ತಲಾದ್ಮೇಲೆ ಹಾಲಿಗೂ ಹೋಗ್ಬೇಡ" ಎಂದಿದ್ದರು.

ಊಟದ ಹೊತ್ತಿಗೆ ಊರು ತಲುಪಿ, ಹೋಟೆಲ್ ಎಂಬ ಫಲಕ ನೋಡಿ ಒಳಹೊಕ್ಕೆವು. ಇಲ್ಲಿನ ಹಳ್ಳಿಗಳಲ್ಲಿ ಹೋಟೆಲ್ ಎಂದರೆ ಪಬ್: ಮುಂದೆ ಹೆಂಡದ ಕೌಂಟರು, ಹಿಂದೆ ಊಟದ ಕೋಣೆ, ಮಹಡಿಯಲ್ಲಿ ತಂಗುವವರ ಕೋಣೆಗಳು. ತಲೆ ತಗ್ಗಿಸಿ ಕೌಂಟರನ್ನು ದಾಟಿ ಹಿಂದಿನ ಕೋಣೆಯಲ್ಲಿ ಕುಳಿತೆವು. ಬಹಳ ಹೊತ್ತಾಯಿತು.

"ನೋಡಿದ್ರಾ, ನಮ್ಮ ಮುಖ ನೋಡೇ ಬರ್ತಿಲ್ಲ," ಎಂದೆ.

"ಸುಮ್ನಿರೇ, ರಶ್ ಇದೆ," ಎಂದರು ಯಜಮಾನರು.

"ಏನ್ ರಶ್ರೀ? ಇರೋದೇ ನಾಲ್ಕು ಜನ. ಆ ಟೋಪಿಯೋನು ನಮ್ಮಾದ್ಮೇಲೆ ಬಂದಿದ್ದು, ಆಗ್ಲೇ ತಿಂದು ಎದ್ದ."

ಮೇಘನಾ ಗೋಡೆಯ ಕಡೆ ಕೈ ತೋರಿಸಿದಳು. "ಅಮ್ಮಾ, ಬಾರ್‌ನಲ್ಲಿ ಆರ್ಡರ್ ಮಾಡ್ಬೇಕು. ಇಟ್ ಸೇಸ್ ಸೋ."

ಆ ಫಲಕವನ್ನು ನಾನು ಓದಿರಲಿಲ್ಲವೆಂದಲ್ಲ. ಬಾರ್ ಎಂಬ ಶಬ್ದ ಕಂಡ ಕೂಡಲೇ ಅದು ಕುಡಿಯುವವರಿಗೆ ಸಂಬಂಧಿಸಿದ್ದೆಂದು ಕಣ್ಣು ತಿರುಗಿಸಿದ್ದೆ. ಬಾರಿನ ಎದುರು ಬಂದಾಗ ರಸ್ತೆಯ ಆಚೆ ಬದಿಗೆ ದಾಟಿಕೊಂಡು ನಡೆದು ಬೆಳೆದವರಿಗೆ ಇದು ವಿಶೇಷವಲ್ಲ. ನಮ್ಮ ದರ್ಶಿನಿಗಳಲ್ಲಿ ಮೊದಲು ಕ್ಯಾಶಿನ ಬಳಿ ಟೋಕನ್ ಪಡೆಯುವುದಿಲ್ಲವೇ, ವ್ಯವಸ್ಥೆ ಅದೇ. ಕ್ಯಾಶಿನ ಹಿಂದೆ ಬಾಟಲಿಗಳಿರುವುದಷ್ಟೇ ವ್ಯತ್ಯಾಸ. ಆದ್ದರಿಂದ ಓದುಗರು ಹಳ್ಳಿಯ ಪಬ್‌ನಲ್ಲಿ ಕುಳಿತು ಕಾಯತಕ್ಕದ್ದಲ್ಲ.

ಕೌಂಟರಿನಲ್ಲಿದ್ದವರ ಹೆಸರು ಬೆರಿಲ್. ಅರವತ್ತು ದಾಟಿದ ಹೆಂಗಸು, ಅಡುಗೆಯೂ ಅವರದೇ. ಅವರು ಆಡಿದ್ದು ಇಂಗ್ಲಿಷ್. ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ. ಇಲ್ಲಿನ ಹಿರಿಯ ಹೆಂಗಸರು ಗುರುತಿಲ್ಲದವರನ್ನೂ "ಲವ್" ಎಂದು ಕರೆಯುತ್ತಾರೆ, ನಮ್ಮ ತರಕಾರಿಯವರು "ತಾಯಿ" ಎನ್ನುವ ಹಾಗೆ. ಆದರೆ ನಮ್ಮ ಯಜಮಾನರನ್ನೂ ಹಾಗೆಯೇ ಕರೆದದ್ದು ನನಗೆ ಸರಿಕಾಣಲಿಲ್ಲ.

"ಚಿಪ್ಸ್ ಯಾವುದರಲ್ಲಿ ಕರೀತೀರಿ?" ಎಂದು ಕೇಳಿದೆ.

"ದನದ ಕೊಬ್ಬಿನಲ್ಲಿ, ಲವ್. ಎಣ್ಣೆ ಅಂತ ಸುಳ್ಳು ಹೇಳಬಹುದಿತ್ತು. ನಿನ್ನ ಮುಖ ನೋಡಿದರೆ ಒಳಗೆ ಬಂದು ಡಬ್ಬಿ ಮೂಸುವವಳ ಹಾಗಿದ್ದೀಯ."

ಪ್ಯಾರಮಟ್ಟಾದಲ್ಲಿ ಶಾಲೆ ಬಿಟ್ಟ ಮೇಲೆ ಪ್ರತಿ ಶುಕ್ರವಾರ ಚಿಪ್ಸ್ ತಿನ್ನುತ್ತಿದ್ದ ಮೇಘನಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಪ್ಯಾರಮಟ್ಟಾದ ಅಂಗಡಿಯಲ್ಲಿ ನಾನು ಯಾರನ್ನೂ ಏನನ್ನೂ ಕೇಳಿರಲಿಲ್ಲ.

ಬೆರಿಲ್ ಬೇರೆ ತಟ್ಟೆಯಲ್ಲಿ ಆಲಿವ್ ಎಣ್ಣೆ ಸವರಿ ಕುಂಬಳಕಾಯಿ, ಆಲೂಗಡ್ಡೆ ಬೇಯಿಸಿಕೊಟ್ಟರು. ಜೊತೆಗೆ ಬಟಾಣಿ, ಬೆಣ್ಣೆ, ಬ್ರೆಡ್ಡು. ಓವನ್ ತೆರೆದು ತೋರಿಸಿಯೂ ತೋರಿಸಿದರು. ಉಪ್ಪು ಕಡಿಮೆ, ಖಾರವಿಲ್ಲ, ಆದರೆ ಕುಂಬಳಕಾಯಿ ಬೆಲ್ಲದಂತಿತ್ತು. ತಟ್ಟೆ ಇಡುತ್ತ ಬೆರಿಲ್, "ಹೊಸ ಡಾಕ್ಟರ ಹೆಂಡತಿ ನೀನೇ ತಾನೆ?" ಎಂದರು. ನಾವು ಆ ಊರಿನಲ್ಲಿ ಯಾರಿಗೂ ಏನನ್ನೂ ಹೇಳಿರಲಿಲ್ಲ.

ಹೊರಡುವಾಗ ಅವರು ಓಡಿ ಬಂದು, ಕಾರಿನ ಕಿಟಕಿಯಿಂದ ನನ್ನ ಮಡಿಲಿಗೆ ಒಂದು ಇಡೀ ಕುಂಬಳಕಾಯಿಯನ್ನು ಇಟ್ಟು ಹೋದರು. ಇಲ್ಲಿನದು ಬೂದು ಬಣ್ಣದ ಸಿಪ್ಪೆಯ ಕುಂಬಳ, ನೋಡಲು ನಮ್ಮ ಬೂದುಗುಂಬಳದ ತಮ್ಮನಂತೆ. ನಮ್ಮಲ್ಲಿ ಇಡೀ ಕುಂಬಳಕಾಯಿಯನ್ನು ಯಾರು, ಯಾವಾಗ ದಾನ ಕೊಡುತ್ತಾರೆಂಬುದು ಓದುಗರಿಗೆ ತಿಳಿದೇ ಇದೆ. ತಮ್ಮ ಗ್ರಹಚಾರ ಇನ್ನೊಬ್ಬರಿಗೆ ದಾಟಲಿ ಎಂದು ಕೊಡುತ್ತಾರೆ. ತೆಗೆದುಕೊಳ್ಳುವವರು ಹಿಂದೆಮುಂದೆ ನೋಡುತ್ತಾರೆ. ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದವರು, ಕೇಳದೆಯೇ ಕೊಟ್ಟಿದ್ದಾರೆ. ನಾನು ಅದನ್ನು ಡಿಕ್ಕಿಗೆ ಹಾಕಿಸಿದೆ, ತಂಗಿದ್ದ ಮೋಟೆಲಿನ ಕೋಣೆಯೊಳಗೆ ತರಗೊಡಲಿಲ್ಲ.

ಮಧ್ಯಾಹ್ನ ಬೀದಿ ಸುತ್ತಿದೆವು. ಬೇಕರಿಯಲ್ಲಿ ತರಕಾರಿ ಪ್ಯಾಸ್ಟಿ ಎಂಬ ಕಡುಬಿನಂಥ ತಿನಿಸು ಇತ್ತು. ಒಳಗೆ ತರಕಾರಿಯೇ ಆದರೂ ಹೊರಗಿನ ಹಿಟ್ಟಿಗೆ ಹಂದಿಯ ಕೊಬ್ಬು ಬೆರೆತಿರಬಹುದು, ಕೇಳಿಯೇ ತಿನ್ನಬೇಕು. ಚೀನೀ ಊಟದ ಮನೆ ಇಲ್ಲದ ಹಳ್ಳಿಯನ್ನು ಆ ದಾರಿಯಲ್ಲಿ ನಾನು ಕಂಡಿಲ್ಲ; ಅಲ್ಲಿ "ಮಾಂಸವಿಲ್ಲ" ಎಂದು ಖಾತರಿಪಡಿಸಿ ತಂದ ಅನ್ನದಲ್ಲಿ ಕೆಂಪು ಚೂರುಗಳು ಕಂಡವು. ವಿಚಾರಿಸಲಾಗಿ, "ಅದು ಮಾಂಸವಲ್ಲ, ಹ್ಯಾಮ್" ಎಂದರು. ಹ್ಯಾಮ್ ಎಂದರೆ ಹಂದಿಯ ತೊಡೆ. ರಸ್ತೆಬದಿಯಲ್ಲಿ ಮಾರುವ ಚೆರ್ರಿ ಹಣ್ಣು ಮಾತ್ರ ನಿರಾಕ್ಷೇಪಣೀಯ.

ಸಂಜೆ ಮೆಲ್ಬರ್ನ್‌ನ ವೆರಿಬೀಯಲ್ಲಿರುವ ಗೆಳತಿ ಐರಿನ್‌ಗೆ ಫೋನು ಮಾಡಿದೆ. ಅವರು ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು, ನರ್ಸ್. ಈ ದೇಶಕ್ಕೆ ಬಂದ ಹೊಸದರಲ್ಲಿ ಇಂಥದ್ದೇ ಹಳ್ಳಿಯ ಆಸ್ಪತ್ರೆಯಲ್ಲಿ ಇದ್ದವರು. ಕುಂಬಳಕಾಯಿಯ ವಿಷಯ ಕೇಳಿ ಬಹಳ ಹೊತ್ತು ನಕ್ಕರು.

"ಎಂತ ಮಾರಾಯ್ತಿ ಸುಧಾ, ನಿಮ್ಮ ಶನಿ ಗಿನಿ ಎಲ್ಲ ಆ ಅಜ್ಜಿಗೆ ಎಂತ ಗೊತ್ತುಂಟು? ಅವಳ ಹಿತ್ತಲಲ್ಲಿ ಜಾಸ್ತಿ ಆಗಿರ್ತದೆ, ಕೊಟ್ಟಳು."

"ಊರಿಗೆಲ್ಲ ನಮ್ಮ ವಿಷಯ ಗೊತ್ತಿದೆ, ಐರಿನ್. ಏನೋ ಇದೆ."

"ಇರೋದು ಹೌದು," ಎಂದರು, ದನಿ ತಗ್ಗಿಸಿ. "ಡಾಕ್ಟ್ರು ಸಿಗುವವರೆಗೆ ತಲೆ ಮೇಲೆ ಹೊತ್ಕೊಳ್ತಾರೆ. ಸಿಕ್ಕಿದ ಮೇಲೆ ನೋಡು. ನಾನು ಹಂದಿ, ದನ ಎಲ್ಲ ತಿನ್ನುವವಳು, ಆದ್ರೂ ಆರು ತಿಂಗಳು ಒಬ್ಬಳೇ ಕೂತು ಟೋಸ್ಟ್ ತಿಂದೆ. ನಿನ್ನದು ಊಟದ ಸಮಸ್ಯೆ ಅಲ್ಲ, ಊಟಕ್ಕೆ ಕರೆಯುವವರು ಯಾರು ಅಂತ ನೋಡ್ಕೋ."

ಭಾನುವಾರ ಬೆಳಿಗ್ಗೆ ಊರಿನ ಹಾಲ್‌ನಲ್ಲಿ ನಮಗಾಗಿ ಚಹಾ ಏರ್ಪಡಿಸಿದ್ದರು. ಒಂದು ಉದ್ದನೆಯ ಮೇಜಿನ ತುಂಬ ಮಾಂಸದ ರೋಲುಗಳು, ಕೇಕುಗಳು. ಕಿಟಕಿಯ ಬಳಿ ಪ್ರತ್ಯೇಕ ಪುಟ್ಟ ಮೇಜಿನ ಮೇಲೆ ಸ್ಕೋನ್ ಎಂಬ ಮೆತ್ತನೆಯ ಬಿಸ್ಕತ್ತುಗಳು, ಕೆನೆ, ಏಪ್ರಿಕಾಟ್ ಜಾಮ್. ಅದರ ಪಕ್ಕ ಬೆರಿಲ್ ಕಾವಲು ನಿಂತಿದ್ದರು.

"ಹಾಲು, ಬೆಣ್ಣೆ, ಹಿಟ್ಟು. ಮೊಟ್ಟೆ ಇಲ್ಲ," ಎಂದರು. ಅಷ್ಟರಲ್ಲಿ ಒಬ್ಬ ಮುದುಕರು ಆ ಕಡೆಯ ಮೇಜಿನ ಇಕ್ಕಳವನ್ನೇ ಹಿಡಿದುಕೊಂಡು ಬಂದು ಸ್ಕೋನಿಗೆ ಕೈ ಚಾಚಿದರು. ಬೆರಿಲ್ ಅವರ ಮಣಿಕಟ್ಟಿಗೆ ಫಟ್ಟನೆ ಒಂದು ಕೊಟ್ಟರು. "ಆ ಇಕ್ಕಳ ಈ ಮೇಜಿಗೆ ಬರುವ ಹಾಗಿಲ್ಲ, ಕೆನ್. ಅದು ಮಾಂಸ ಮುಟ್ಟಿದೆ."

ಮುಸುರೆ ಎಂಬ ಮಾತು ಗೊತ್ತಿಲ್ಲದವರು ಮುಸುರೆ ನೋಡಿಕೊಳ್ಳುವುದನ್ನು ಕಂಡು ನನಗೆ ನಮ್ಮ ಸೋದರತ್ತೆಯ ನೆನಪಾಯಿತು. ನೆನಪಾದ ಕೂಡಲೇ ಅನುಮಾನವೂ ಹೆಚ್ಚಿತು. ಇಷ್ಟೊಂದು ಏಕೆ ಮಾಡುತ್ತಿದ್ದಾರೆ? ತಡೆಯಲಾರದೆ ಅದನ್ನೇ ಕೇಳಿದೆ.

ಬೆರಿಲ್ ನನ್ನನ್ನು ಆಶ್ಚರ್ಯದಿಂದ ನೋಡಿದರು. "ನಿನ್ನ ಗಂಡ ಬೇಕು, ಅದಕ್ಕೆ. ಮತ್ತೆ ಏನಂದುಕೊಂಡೆ? ಹಿಂದಿನ ಡಾಕ್ಟರು ವರ್ಷ ತುಂಬುವುದರೊಳಗೆ ಹೊರಟುಹೋದ. ಅವನ ಹೆಂಡತಿ ತರಕಾರಿ ಅಂಗಡಿಯಲ್ಲಿ ನಿಂತು ಅಳುತ್ತಿದ್ದಳು. ಏನು ಬೇಕು ಅಂತ ನಮ್ಮಲ್ಲಿ ಯಾರೂ ಅವಳನ್ನು ಕೇಳಲಿಲ್ಲ. ಇಗೋ, ಆ ಕೆನ್ ನನ್ನ ಗಂಡ. ಎದೆನೋವು ಬಂದರೆ ಒಂದೂವರೆ ಗಂಟೆ ಕಾರಿನಲ್ಲಿ ಹೋಗಬೇಕು. ಹೆಂಡತಿ ಉಳಿದರೆ ಡಾಕ್ಟರು ಉಳಿಯುತ್ತಾನೆ. ಸ್ಕೋನ್ ತಿನ್ನು."

ನನ್ನ ಅನುಮಾನ ಅಕ್ಷರಶಃ ನಿಜವಾಗಿತ್ತು. ವಿಚಿತ್ರವೆಂದರೆ, ಅದು ನಿಜವೆಂದು ತಿಳಿದ ಮೇಲೆಯೇ ನನಗೆ ಸಮಾಧಾನವಾದದ್ದು. ಪ್ಯಾರಮಟ್ಟಾದಲ್ಲಿ ನಮಗೆ ಯಾರೂ ಕೇಡು ಮಾಡಿರಲಿಲ್ಲ. ನಾವು ಯಾರಿಗೂ ಬೇಕಾಗಿಯೂ ಇರಲಿಲ್ಲ. ಇಲ್ಲಿ ನಮ್ಮಿಂದ ಏನು ಬೇಕೆಂಬುದನ್ನು ಮುಖಕ್ಕೆ ನೇರವಾಗಿ ಹೇಳಿದ್ದರು. ಅಂಥವರ ಕೈಯಡುಗೆಯನ್ನು ಕೇಳಿ ತಿನ್ನಬಹುದು. ಎರಡು ಸ್ಕೋನ್ ತಿಂದೆ.

ಮೋಟೆಲಿಗೆ ಮರಳುವ ದಾರಿಯಲ್ಲಿ ಯಜಮಾನರು, "ನಾಳೆ ಏನಂತ ಹೇಳ್ಲಿ?" ಎಂದರು.

"ಮೊದ್ಲು ಡಿಕ್ಕಿಯಿಂದ ಆ ಕುಂಬಳಕಾಯಿ ತೆಗೆದು ಹೋಳು ಮಾಡ್ಕೊಡಿ," ಎಂದೆ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಕತ್ತಿ ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ಕೋಣೆಯಲ್ಲಿ ಒಲೆ ಇತ್ತು. ಒಲೆಯಿರುವ ಕೋಣೆಯೇ ಬೇಕೆಂದು ನಾನು ಪಟ್ಟುಹಿಡಿದಿದ್ದೆ. ಆದರೆ ಚಾಕು ಆ ಸಿಪ್ಪೆಯೊಳಗೆ ಇಳಿಯಲಿಲ್ಲ. ಆ ದಾರಿಯಾಗಿ ಬಂದ ಮೋಟೆಲಿನವನು, "ಚಾಕು ಬಿಡಿ ಡಾಕ್ಟರ್, ನಾವೆಲ್ಲ ಕಾಂಕ್ರೀಟಿನ ಮೇಲೆ ಎತ್ತಿ ಹಾಕುತ್ತೇವೆ," ಎಂದ. ಯಜಮಾನರು ಕಾರಿನ ಮುಂದೆ ನಿಂತು ಎತ್ತಿ ಹಾಕಿದರು. ಅದು ಮೂರು ಹೋಳಾಯಿತು.

"ಈ ವರ್ಷದ ಆಯುಧಪೂಜೆ ಮುಗೀತು," ಎಂದರು.

ದೃಷ್ಟಿ ತೆಗೆದು ಒಡೆದ ಕುಂಬಳವನ್ನು ತಿನ್ನುವಂತಿಲ್ಲ. ಆದರೆ ಇದಕ್ಕೆ ಯಾರೂ ಕರ್ಪೂರ ಹಚ್ಚಿರಲಿಲ್ಲ, ನಿವಾಳಿಸಿರಲಿಲ್ಲ ಎಂಬುದನ್ನು ಪರಿಗಣಿಸಿ, ತೊಳೆದು ಹುಳಿ ಮಾಡಿದೆ. ಹುಳಿಪುಡಿ ಪರ್ಸಿನಲ್ಲಿತ್ತು.

ಅವರು ಕಲಸಿಕೊಂಡು, "ಹಾಗಾದ್ರೆ?" ಎಂದರು.

"ಇಲ್ಲಿ ಬೇಸಿಗೆ ಕಳೆದ್ರೆ ವಾರಕ್ಕೊಂದು ಕೊಡ್ತಾರಂತೆ. ನೀವೊಬ್ರೇ ಇದ್ರೆ ಬೇಯಿಸೋರು ಯಾರು? ಪ್ಯಾರಮಟ್ಟಾದಲ್ಲಿ ನಂಗೆ ಹೋಳು ಮಾಡ್ಕೊಡೋರು ಯಾರು?"

"ಮಾರ್ಕೆಟ್‌ನಲ್ಲಿ ಹೋಳು ಮಾಡಿದ್ದೇ ಸಿಗತ್ತಲ್ವೇನೇ."

"ಸಿಗತ್ತೆ," ಎಂದೆ. ಅವರು ಇನ್ನೊಂದು ಸಲ ಬಡಿಸಿಕೊಂಡರು. ಸೋಮವಾರ ಆಸ್ಪತ್ರೆಗೆ ಮೂವರ ಒಪ್ಪಿಗೆಯನ್ನು ತಿಳಿಸಿದರು.

ಐರಿನ್ ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ ಎಂಬುದನ್ನೂ ದಾಖಲಿಸಬೇಕು. ಮೊದಲ ಚಳಿಗಾಲದಲ್ಲಿ ಹಾಲ್‌ಗೆ ಕರೆಯುವವರು ಕಡಿಮೆಯಾದರು. ನಾನೂ ತರಕಾರಿ ಅಂಗಡಿಯ ಈರುಳ್ಳಿ ಬುಟ್ಟಿಯ ಮುಂದೆ ಒಂದೆರಡು ಬಾರಿ ಕಣ್ಣೊರೆಸಿಕೊಂಡಿದ್ದೇನೆ. ಅದನ್ನು ಕಂಡವರು ಬೆರಿಲ್‌ಗೆ ತಿಳಿಸಿರಬೇಕು, ಸಂಜೆಯೊಳಗೆ ಅವರೇ ನಮ್ಮ ಮನೆಗೆ ಬಂದರು. ಈಗ ನಮ್ಮೂರಿನ ಬೇಕರಿಯಲ್ಲಿ ಹಿಟ್ಟಿಗೆ ಬೆಣ್ಣೆಯನ್ನೇ ಹಾಕುತ್ತಾರೆ. ಓದುಗರು ಆ ದಾರಿಯಲ್ಲಿ ಬಂದರೆ ಕೇಳುವ ಅಗತ್ಯವಿಲ್ಲ, ಆದರೂ ಕೇಳಿ. ಪಬ್‌ನಲ್ಲಿ ನಾನೇ ಬಾರಿನ ಎದುರು ನಿಂತು ಆರ್ಡರ್ ಕೊಡುತ್ತೇನೆ.

ಕಳೆದ ಬಾರಿ ಮೈಸೂರಿಗೆ ಬಂದಾಗ ಅಕ್ಕನ ಮನೆಯಲ್ಲಿ ನೀರು ಕೊಟ್ಟರು. ನನಗರಿವಿಲ್ಲದೆಯೇ, "ಕುದಿಸಿದ್ದಾ ಅಕ್ಕಾ?" ಎಂದುಬಿಟ್ಟೆ. ಒಗ್ಗರಣೆಗೆ ಯಾವ ಎಣ್ಣೆ ಎಂದೂ ಕೇಳಿದೆನಂತೆ.

ಅಕ್ಕ ಸೌಟನ್ನು ಕೆಳಗಿಟ್ಟರು. "ಅಲ್ಲಿ ಹೆಂಡದಂಗಡೀಲಿ ಕೂತು ಅವ್ರು ಹಾಕಿದ್ದು ತಿಂತೀಯಂತೆ. ಇಲ್ಲಿ ನನ್ ಕೈ ನೀರು ಹಿಡ್ಕೊಂಡು ಪ್ರಶ್ನೆ ಕೇಳ್ತೀಯ."

ನೀರನ್ನು ಕುಡಿದೆ. ಮರುದಿನ ಹೊಟ್ಟೆ ಕೆಟ್ಟಿತು. ಅಕ್ಕನಿಗೆ ತಿಳಿಸಿರಲಿಲ್ಲ, ಅವರೂ ಈ ಸಂಚಿಕೆಯ ಓದುಗರಾದ್ದರಿಂದ ಈ ಮೂಲಕ ತಿಳಿಸಿದಂತಾಯಿತು. ಯಾವ ಊರಿನಲ್ಲಿ ಕೇಳಿ ಉಣ್ಣಬೇಕು, ಯಾವ ಊರಿನಲ್ಲಿ ಕೇಳದೆ ಉಣ್ಣಬೇಕು ಎಂಬುದು ನನ್ನಲ್ಲಿ ಅದಲುಬದಲಾಗಿದೆ. ಅದನ್ನು ಸರಿಪಡಿಸುವ ಕ್ರಮ ನನಗೆ ತಿಳಿದಿಲ್ಲ.

ಕೊನೆಯದಾಗಿ, ಈ ಬರಹದಲ್ಲಿ ಒತ್ತಕ್ಷರ, ದೀರ್ಘ, ವಿಭಕ್ತಿ ಮುಂತಾದ ಯಾವುದೇ ತಪ್ಪು ಕಂಡುಬಂದಲ್ಲಿ ಓದುಗರು ಸಂಕೋಚವಿಲ್ಲದೆ ಕೆಂಪು ಶಾಯಿಯಲ್ಲಿ ತಿದ್ದಬೇಕಾಗಿ ಪ್ರಾರ್ಥಿಸುತ್ತೇನೆ. ಎರಡು ಬೇರೆ ಬೇರೆ ಊರುಗಳನ್ನು ನಾನು ನಮ್ಮೂರು ಎಂದೇ ಬರೆದಿರುವುದು ತಮ್ಮ ಗಮನಕ್ಕೆ ಬಂದಿರಬಹುದು. ಅದೊಂದನ್ನು ಮಾತ್ರ ಹಾಗೆಯೇ ಬಿಡಬೇಕಾಗಿ ಕೋರಿಕೆ.