ಕಲ್ಲು ಜಾರುವ ಮೊದಲು

ಇಂಥ ಸಂಗತಿಗಳನ್ನು ನಂಬುವ ಮನುಷ್ಯ ನಾನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮೈಮೇಲೆ ದೇವರು ಬರುವ ಪಾತ್ರಿಗಳಿದ್ದರು, ಕಳವಾದ ದನ ಯಾವ ದಿಕ್ಕಿಗೆ ಹೋಯಿತೆಂದು ಕಣ್ಣು ಮುಚ್ಚಿ ಹೇಳುವವರಿದ್ದರು. ಅವರ ಸುದ್ದಿ ಶುರುವಾದರೆ ನಾನು ಎದ್ದು ಹೋಗುತ್ತಿದ್ದೆ. ಕಲ್ಲಿಗೆ ತೂಕವಿದೆ, ಮೈಯಲ್ಲಿ ಒರಟುತನವಿದೆ, ಎಳೆಯುವ ಬಲವಿದೆ, ಇವನ್ನು ಅಳೆದರೆ ಮುಗಿಯಿತು ಎಂದು ತಿಳಿದಿದ್ದವನು. ಈಗಲೂ ಹೆಚ್ಚುಕಡಿಮೆ ಹಾಗೆಯೇ ತಿಳಿದಿದ್ದೇನೆ. ಆದ್ದರಿಂದಲೇ ಇದು ನೆನಪಾದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ.

ಎಂಬತ್ತರ ಆಸುಪಾಸಿನ ಮಾತು. ಹೊನ್ನಾವರದ ಒಂದು ಕಾಲೇಜಿನಲ್ಲಿ ನಾನು ಭೂವಿಜ್ಞಾನದ ಅಧ್ಯಾಪಕ, ಜೊತೆಗೆ ಪಿಎಚ್.ಡಿ.ಗಾಗಿ ಒದ್ದಾಡುತ್ತಿದ್ದೆ. ನೆಲದ ಆಳದಲ್ಲಿ ಬಂಡೆ ಸೀಳಿದ ಕಡೆ ಎರಡು ಬದಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಬಲ ಏರುತ್ತ ಹೋಗಿ ಒಂದು ಗಳಿಗೆಯಲ್ಲಿ ತಟ್ಟನೆ ಜಾರುತ್ತವೆ. ಭೂಕಂಪವೆಂದರೆ ಅದೇ. ಅದನ್ನು ಕೋಣೆಯೊಳಗೆ ಸಣ್ಣದಾಗಿ ಮಾಡಿ ನೋಡುವುದು ನನ್ನ ವಿಷಯ.

ಕೋಣೆಯೆಂದರೆ ಹಳೆಯ ಸೈಕಲ್ ಶೆಡ್ಡು. ಭಟ್ಕಳ ರಸ್ತೆಯ ಕ್ವಾರಿಯೊಂದರಲ್ಲಿ ಸುಬ್ರಾಯ ಎಂಬ ಕಲ್ಲುಕುಟಿಗನಿಂದ ಶಿಲೆಕಲ್ಲಿನ ಎರಡು ಹಲಗೆ ಕಡಿಸಿ ತಂದಿದ್ದೆ. ಒಂದರ ಮೇಲೊಂದು ಇಟ್ಟು, ಮೇಲೆ ಕಬ್ಬಿಣದ ತೂಕ ಹೇರಿ, ಮೇಲಿನ ಕಲ್ಲಿಗೆ ಸ್ಪ್ರಿಂಗು ಮತ್ತು ತಂತಿ ಕಟ್ಟಿ, ಕೈರಾಟೆಯಿಂದ ನಿಧಾನವಾಗಿ ಎಳೆಯಬೇಕು. ಕಲ್ಲು ಬಹಳ ಹೊತ್ತು ಕದಲುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತವನ್ನು ಬರೆದುಕೊಳ್ಳಲು ಪಕ್ಕದ ಪ್ರಾಣಿಶಾಸ್ತ್ರದವರಿಂದ ಅವರು ಕಪ್ಪೆಯ ಕಾಲಿನ ಸೆಳೆತವನ್ನು ಗೆರೆಯಾಗಿ ಬರೆಸಲು ಬಳಸುತ್ತಿದ್ದ ತಿರುಗುವ ಉರುಳೆಯನ್ನು ಕಡ ತಂದಿದ್ದೆ. ಅದಕ್ಕೆ ಸುತ್ತುವ ಕಾಗದಕ್ಕೆ ಚಿಮಣಿ ದೀಪದ ಮಸಿ ಹಿಡಿಸಬೇಕು, ಆ ಮಸಿಯನ್ನು ಗೀರುತ್ತ ಸೂಜಿ ಗೆರೆ ಎಳೆಯುತ್ತದೆ. ಮನೆಗೆ ಹೋದರೆ ಹೆಂಡತಿ ನನ್ನ ಅಂಗಿಯನ್ನು ಬೇರೆ ಬಕೆಟ್ಟಿಗೆ ಹಾಕುತ್ತಿದ್ದಳು.

ರಾಟೆ ತಿರುಗಿಸಲು ಸಿಕ್ಕವನು ಹೊಳೆಯಾಚೆಯ ಕಾಸರಕೋಡಿನ ದುರ್ಗಯ್ಯ. ಐವತ್ತು ದಾಟಿದವನು, ದಿನಗೂಲಿ. ಹತ್ತಾರು ಜನ ಸೇರಿ ಕಡಲಿನಿಂದ ದಡಕ್ಕೆ ಎಳೆಯುವ ರಂಪಣಿ ಬಲೆಯನ್ನು ಮೂವತ್ತು ವರ್ಷ ಎಳೆದಿದ್ದ. ಯಂತ್ರದ ಬೋಟುಗಳು ಬಂದು ರಂಪಣಿ ನಿಂತುಹೋದ ಮೇಲೆ ಕಾಲೇಜಿಗೆ ಬಂದಿದ್ದ. ಅವನ ಕೈ ಒಂದೇ ಹದದಲ್ಲಿ ತಿರುಗುತ್ತಿತ್ತು, ನನಗೆ ಬೇಕಾದದ್ದೂ ಅದೇ. ಆದರೆ ಒಂದು ಕೆಟ್ಟ ಚಾಳಿ. ಕಲ್ಲು ಜಾರುವುದಕ್ಕೆ ಸ್ವಲ್ಪ ಮೊದಲು ರಾಟೆ ನಿಲ್ಲಿಸಿಬಿಡುತ್ತಿದ್ದ.

“ತಿರುಗಿಸು ಅಂದೆನಲ್ಲ.”

“ಬಂತು ಮಾಸ್ತರೇ. ಈಗ ಹೋಗ್ತದೆ.”

ಅವನು ಮತ್ತೆ ಕೈ ಹಾಕಿದ ಕೂಡಲೇ ಕಲ್ಲು ಜಿಗಿಯುತ್ತಿತ್ತು. ನಡುವೆ ನಿಲ್ಲಿಸಿದರೆ ವೇಗ ಕೆಡುತ್ತದೆ, ಆ ಕಾಗದ ಹಾಳು. ಬಲೆ ಎಳೆದ ಕೈಗೆ ತಂತಿಯ ಬಿಗಿ ಗೊತ್ತಾಗುತ್ತದೆ, ಅದರಲ್ಲಿ ವಿಶೇಷವೇನಿಲ್ಲ ಎಂದುಕೊಂಡೆ. ಅವನನ್ನು ಹೊರಗೆ ಜಗಲಿಯ ಮೇಲೆ ಕೂರಿಸಿ, ಬಾಗಿಲು ಕಿಟಕಿ ಎರಡನ್ನೂ ಮುಚ್ಚಿ, ನಾನೇ ತಿರುಗಿಸತೊಡಗಿದೆ. ಹೋಗುತ್ತದೆ ಅನಿಸಿದಾಗ ಕಿಟಕಿ ತಟ್ಟು ಎಂದಿದ್ದೆ, ಅವನ ಭ್ರಮೆ ಬಿಡಿಸುವುದಕ್ಕಾಗಿ. ತಟ್ಟಿದ. ಕಲ್ಲು ಜಾರಿತು. ಒಂದು ವಾರ ಹೀಗೇ ಮಾಡಿದೆ. ತೂಕ ಬದಲಿಸಿದೆ, ಕಲ್ಲಿನ ಮೈಗೆ ಮರಳು ಹಾಕಿದೆ, ಬೇಕೆಂದೇ ನಡುವೆ ನಿಲ್ಲಿಸಿದೆ. ಕಿಟಕಿ ಸದ್ದಾಗದೆ ಕಲ್ಲು ಒಮ್ಮೆಯೂ ಜಾರಲಿಲ್ಲ.

ಬೇರೆ ಯಾರಾದರೂ ಸಂತೋಷಪಡುತ್ತಿದ್ದರೋ ಏನೋ. ನನಗೆ ತಲೆ ಕೆಟ್ಟುಹೋಯಿತು. ಒಂದೊಂದು ಜಾರುವಿಕೆಯ ಗಳಿಗೆಯನ್ನು ಮುಂಚಿತವಾಗಿ ಹೇಳಲಾಗದು, ಸರಾಸರಿಯನ್ನಷ್ಟೇ ಹೇಳಬಹುದು ಎಂದು ನಾನು ಆಗಲೇ ಒಂದು ಇಡೀ ಅಧ್ಯಾಯ ಬರೆದು ಮುಗಿಸಿದ್ದೆ. ಧಾರವಾಡದಲ್ಲಿದ್ದ ನನ್ನ ಮಾರ್ಗದರ್ಶಕರಿಗೆ ಪತ್ರ ಬರೆದರೆ, ನಿಮ್ಮ ಉಪಕರಣ ಸಡಿಲವಾಗಿರಬೇಕು, ಸೋಮವಾರ ಬಂದು ನೋಡುತ್ತೇನೆ ಎಂದು ಉತ್ತರ ಬಂತು.

ಅದರ ಹಿಂದಿನ ಶನಿವಾರ ದುರ್ಗಯ್ಯ ಕಲ್ಲಿನ ಮೇಲಿನ ಮರಳು ಒರೆಸುತ್ತ ಕೇಳಿದ, “ಈ ಕಲ್ಲಿನ ಉಳಿದ ಪಾಲು ಎಲ್ಲದೆ ಮಾಸ್ತರೇ?”

“ಕ್ವಾರಿಯಲ್ಲೇ ಇದೆ. ಯಾಕೆ?”

“ಅದೂ ಬಿಗೀತಾ ಅದೆ. ಅಲ್ಲಿದ್ದವ್ರಿಗೆ ಬದಿಗೆ ಹೋಗೂಕೆ ಹೇಳ್ಬೇಕಾಗಿತ್ತು.”

ಎರಡು ದಿನದಲ್ಲಿ ಮಾರ್ಗದರ್ಶಕರು ಬರುವವರು, ಗೆರೆ ಅಳಿಸದಂತೆ ವಾರ್ನಿಶ್ ಹಚ್ಚಿದ ಮಸಿಯ ಕಾಗದ ಇನ್ನೂ ಒಣಗಿಲ್ಲ, ಇವನಿಗೆ ಇದು. ಹರದಾರಿ ದೂರದ ಕಲ್ಲು ಬಿಗಿಯುತ್ತಿದೆಯಂತೆ ಎಂದು ನಾನು ಕ್ವಾರಿಗೆ ಹೋಗಿ ಹೇಳಿದರೆ ಜನ ನನ್ನನ್ನೂ ಪಾತ್ರಿ ಎನ್ನುತ್ತಾರೆ. ಇನ್ನೊಮ್ಮೆ ಇಂಥ ಮಾತಾಡಿದರೆ ಕೆಲಸದಿಂದ ತೆಗೆಸುತ್ತೇನೆ, ಸೋಮವಾರ ಬಾಯಿ ಬಿಡಕೂಡದು ಎಂದು ಗದರಿಸಿದೆ. ಅವನು ನನ್ನ ಮುಖ ನೋಡಿ, “ಆತು” ಎಂದು ಹೊರಟುಹೋದ.

ಸೋಮವಾರ ಬೆಳಿಗ್ಗೆ ಮಾರ್ಗದರ್ಶಕರು ಬಂದರು. ಬಿಳಿ ಪ್ಯಾಂಟು ಹಾಕಿಕೊಂಡು ಬಂದಿದ್ದರು, ಮೊದಲ ಹತ್ತು ನಿಮಿಷದಲ್ಲೇ ಅದಕ್ಕೆ ಮಸಿಯಾಯಿತು. ದುರ್ಗಯ್ಯ ರಾಟೆ ತಿರುಗಿಸಿದ. ಎಲ್ಲಿಯೂ ನಿಲ್ಲಿಸಲಿಲ್ಲ, ತುಟಿ ಎರಡು ಮಾಡಲಿಲ್ಲ. ಮೂರು ಸಲ ಕಲ್ಲು ಚೆನ್ನಾಗಿ ಜಾರಿತು. ಮಾರ್ಗದರ್ಶಕರ ಮುಖ ಸ್ವಲ್ಪ ಸಡಿಲಾಯಿತು, ನನಗೂ ಉಸಿರು ಬಂತು. ನಾಲ್ಕನೆಯ ಸಲ ಅರ್ಧದಲ್ಲಿ ಅವನು ರಾಟೆಯ ಹಿಡಿಯನ್ನೇ ಬಿಟ್ಟುಬಿಟ್ಟ.

“ಹೋತು” ಎಂದ.

ಕಲ್ಲು ಕೂದಲೆಳೆಯಷ್ಟೂ ಕದಲಿರಲಿಲ್ಲ. ಉರುಳೆಯ ಮೇಲೆ ಸೂಜಿ ನೆಟ್ಟಗೆ ಗೆರೆ ಎಳೆಯುತ್ತಿತ್ತು.

“ಏನು ಹೋಯಿತು?” ಎಂದು ಮಾರ್ಗದರ್ಶಕರು ಕೇಳಿದರು.

“ಇದಲ್ಲ. ಅಲ್ಲಿದು.”

ಅಷ್ಟು ಹೇಳಿ ಜಗಲಿಗೆ ಹೋಗಿ ಗೋಡೆಗೆ ಒರಗಿ ಕೂತ. ಮುಖ ಬೆವೆತಿತ್ತು. ನಾನು ಮಾರ್ಗದರ್ಶಕರ ಕ್ಷಮೆ ಕೇಳಿದೆ. ಪ್ರಯೋಗ ನಡುವೆ ನಿಂತರೆ ಕಾರಣ, ಸಮಯ ಎರಡನ್ನೂ ಗುರುತು ಹಾಕಬೇಕೆಂದು ಅವರು ಹೇಳಿದ್ದರಿಂದ ಸಿಟ್ಟಿನಲ್ಲೇ ಕಾಗದದ ಅಂಚಿಗೆ ಬರೆದೆ: ‘ಕೆಲಸದವನ ತಂಟೆ, ಹನ್ನೊಂದು ನಲವತ್ತು.’

ಮಧ್ಯಾಹ್ನ ಅವರನ್ನು ಬಸ್ಸು ಹತ್ತಿಸಲು ನಿಲ್ದಾಣಕ್ಕೆ ಹೋದಾಗ, ಭಟ್ಕಳದಿಂದ ಬಂದ ಬಸ್ಸಿನ ಕಂಡಕ್ಟರ್ ಸುದ್ದಿ ಹೇಳುತ್ತಿದ್ದ. ಕ್ವಾರಿಯ ಮೇಲ್ಬದಿಯ ಬಂಡೆ ಇಡಿಯಾಗಿ ಜಾರಿ ಬಿದ್ದಿದೆ, ಒಬ್ಬನನ್ನು ಹೊನ್ನಾವರದ ಆಸ್ಪತ್ರೆಗೆ ತಂದಿದ್ದಾರೆ. ನಾನು ನೇರವಾಗಿ ಆಸ್ಪತ್ರೆಗೆ ಹೋದೆ.

ಸುಬ್ರಾಯನೇ. ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಗಿತ್ತು. ಎಚ್ಚರವಿತ್ತು. ಯಾವಾಗ ಆಯಿತೆಂದು ಕೇಳಿದೆ.

“ಹನ್ನೊಂದೂವರೆ ಬಸ್ಸು ಮೇಲಿನ ರಸ್ತೇಲಿ ಹೋತಲ್ಲ, ಅದಾಗಿ ಒಂದು ಬೀಡಿ ಸೇದಿ ಮುಗ್ಸಿದ್ದೆ.” ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದ, “ನಿಮ್ಮ ಮನುಷ್ಯ ನಿನ್ನೆ ಬಂದಿದ್ದ. ಮಾಸ್ತರು ಕಳ್ಸಿದ್ದಾರೆ, ಆ ಬದಿಗೆ ಯಾರೂ ಹೋಗೂದು ಬ್ಯಾಡ ಅಂದ. ಕಾಲೇಜಿನವ್ರು ಅಳೆದು ನೋಡಿರ್ಬೇಕು ಅಂದ್ಕಂಡು ಆಳುಗಳನ್ನ ಈಚೆಗೆ ಹಾಕಿದ್ದೆ. ಆರು ಜನ. ನಾನೇ ಉಳಿ ಬಿಟ್ಟು ಬಂದಿದ್ದೆ, ತರೂಕೆ ಹೋದೆ.”

ಅವನ ಹೆಂಡತಿ ಮಂಚದ ಬದಿಯಿಂದ ಎದ್ದು ನನಗೆ ಕೈ ಮುಗಿದಳು. ನಾನು ಕಳಿಸಿಲ್ಲ ಎಂದು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.

ಮಳೆಗಾಲದ ಕೊನೆ ಅದು. ನೀರು ಕುಡಿದ ಬಂಡೆ ಜಾರುವುದು ಆಶ್ಚರ್ಯವಲ್ಲ, ಯಾವ ವಿದ್ಯಾರ್ಥಿಯೂ ಕಾರಣ ಬರೆಯಬಲ್ಲ. ಕಿಟಕಿ ತಟ್ಟಿದ್ದಕ್ಕೂ ನಾನು ಆಮೇಲೆ ಕಾರಣಗಳನ್ನು ಹುಡುಕಿದೆ: ಗೋಡೆಯ ಮೂಲಕ ಏನೋ ಸಣ್ಣ ಅದುರು ಅವನ ಬೆನ್ನಿಗೆ ತಗುಲುತ್ತಿರಬಹುದು. ಆಗಲಿ, ಒಪ್ಪಿದೆ. ಆದರೆ ಆ ಗೋಡೆಗೂ ಭಟ್ಕಳ ರಸ್ತೆಯ ಕ್ವಾರಿಗೂ ನಡುವೆ ಅಷ್ಟು ದೂರದ ನೆಲವಿದೆ, ಎರಡು ಹೊಳೆಗಳಿವೆ. ಶನಿವಾರವೇ ಹೇಳಿದ್ದಕ್ಕೆ ಯಾವ ಅದುರು?

ಮರುದಿನ ದುರ್ಗಯ್ಯ ಎಂದಿನಂತೆ ಬಂದು ಉರುಳೆ ಒರೆಸುತ್ತಿದ್ದ. ಹೆದರಿದಂತೆ ಕಂಡ, ಕೆಲಸ ಹೋಯಿತೆಂದು ತಿಳಿದಿದ್ದನಂತೆ. ನಾನು ಬೆಂಚಿನ ಮೇಲೆ ಕೂತು, ನಿನಗೆ ಹೇಗೆ ಗೊತ್ತಾಗುತ್ತದೆ, ನಿಜ ಹೇಳು ಎಂದೆ.

“ಗೊತ್ತಾಗೂದು ಎಂತ ಮಾಸ್ತರೇ? ಕೇಳ್ತದಲ್ಲ.”

“ಏನು ಕೇಳುತ್ತದೆ?”

“ಕಲ್ಲು. ಹೋಗೂಕೆ ಮೊದ್ಲು ಸುಮ್ಮಂಗಾಗ್ತದೆ.”

“ಸುಮ್ಮನಾಗುವುದು ಅಂದರೆ? ಅದಕ್ಕಿಂತ ಮೊದಲು ಸದ್ದು ಮಾಡುತ್ತಿರುತ್ತದೆಯೇ?”

ಅವನು ಒರೆಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ನಾನು ತಮಾಷೆ ಮಾಡುತ್ತಿದ್ದೇನೋ ಎಂದು ಪರೀಕ್ಷಿಸುವ ಹಾಗಿತ್ತು ಆ ನೋಟ.

“ನಿಮ್ಗೆ ಕೇಳೂದಿಲ್ವಾ?”

“ಇಲ್ಲ.”

ದುರ್ಗಯ್ಯ ಬಟ್ಟೆಯನ್ನು ಕೆಳಗಿಟ್ಟ. ಅಷ್ಟು ದಿನ ನಾನು ಬೈದಾಗಲೂ ಬೇಸರಿಸದಿದ್ದವನ ದನಿಯಲ್ಲಿ ಆಗ ಬೇಸರವಿತ್ತು.

“ಹಾಗಾದ್ರೆ ಇಷ್ಟು ದಿನ ನೀವು ಇದ್ರಲ್ಲಿ ಎಂತ ನೋಡ್ತಿದ್ರಿ?”

ಪಿಎಚ್.ಡಿ. ಸಿಕ್ಕಿತು, ನಾನು ರೀಡರ್ ಆದೆ, ನಿವೃತ್ತನೂ ಆದೆ. ಅಂಚಿನಲ್ಲಿ ‘ಹನ್ನೊಂದು ನಲವತ್ತು’ ಎಂದು ಬರೆದ ಆ ಮಸಿಯ ಕಾಗದವನ್ನು ಮಾತ್ರ ಪ್ರಬಂಧಕ್ಕೆ ಸೇರಿಸಲಿಲ್ಲ, ಎಸೆಯಲೂ ಇಲ್ಲ.