ಪೇರಲಹಣ್ಣಿನ ಅರ್ಧ ಹೋಳು

ಭಾಲ್ಕಿಯಲ್ಲಿ ನಮ್ಮ ಮನೆಯ ಹಿಂದೆ ಪೇರಲ ತೋಟವಿತ್ತು. ಅದರ ಮಾಲಿ ಒಬ್ಬ ಮುಸಲ್ಮಾನ. ಕಾಯಿ ಬಲಿಯುವ ಹೊತ್ತಿಗೆ ಅವನು ಸಾಬೂನಿನ ನೀರಿಗೆ ತೆಳ್ಳನೆಯ ಖನಿಜ ಎಣ್ಣೆ ಕಲಸಿ, ಹಿತ್ತಾಳೆಯ ಪಿಚಕಾರಿಯಿಂದ ಒಂದೊಂದು ಕಾಯಿಗೂ ಸಿಂಪಡಿಸುತ್ತಿದ್ದ. ಆ ಜಿಡ್ಡಿನ ಮೇಲೆ ಮೊಟ್ಟೆಯಿಡಲು ಹಣ್ಣಿನ ನೊಣ ಹಿಂಜರಿಯುತ್ತದೆ.

"ಕೊಲ್ಲೂದು ಬ್ಯಾಡ್ರಿ, ಕಾಯಿ ಮ್ಯಾಲ ಕೂಡಗೊಡಬಾರ್ದು, ಅಷ್ಟ," ಎನ್ನುತ್ತಿದ್ದ.

ಪ್ರತಿ ಸಲ ಮೊದಲ ಹಣ್ಣನ್ನು ನಮ್ಮ ಬೇಲಿಯ ಬಳಿ ತಂದು ಮುರಿದು, ಹುಳವಿಲ್ಲವೆಂದು ತೋರಿಸುತ್ತಿದ್ದ. ಅರ್ಧ ಅವ್ವನಿಗೆ ಕೊಟ್ಟು, ಉಳಿದರ್ಧವನ್ನು ಅಲ್ಲೇ ನಿಂತು ತಿನ್ನುತ್ತಿದ್ದ.

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ, ಮುಸಲ್ಮಾನರನ್ನು ಕೊಂದು ಮನೆ ಸುಡುತ್ತಿದ್ದಾರೆಂದು ಸುತ್ತಲ ಹಳ್ಳಿಗಳಿಂದ ಕೆಟ್ಟ ಸುದ್ದಿಗಳು ಬಂದವು. ನಾನು ಕಣ್ಣಾರೆ ಕಂಡದ್ದು ದೂರದ ಹೊಗೆಯನ್ನಷ್ಟೇ. ಒಂದು ಬೆಳಿಗ್ಗೆ ಅವನ ಹೆಂಡತಿ ಮಕ್ಕಳು ಬೀದರಿಗೆ ಹೊರಟ ಬಂಡಿಯಲ್ಲಿ ಕುಳಿತು ಅವನನ್ನು ಕೂಗುತ್ತಿದ್ದರು. ಅವನು ಇನ್ನೂ ಪಿಚಕಾರಿ ಹಿಡಿದು ಗಿಡಗಳ ನಡುವೆ ಇದ್ದ.

"ಹುಚ್ಚ ಅದೀಯೇನೋ? ಮೊದಲ ಜೀವ ಉಳಿಸ್ಕೋ, ಹೋಗು!" ಎಂದು ಅವ್ವ ಬೈದಳು.

"ನಿನ್ನಿ ಮಳಿಗಿ ಎಣ್ಣಿ ತೊಳದು ಹೋಗ್ಯಾದ್ರಿ ಅಕ್ಕಾ. ಇವತ್ತ ಬಿಟ್ರ ಎಲ್ಲಾ ನೊಣದ ಪಾಲು."

ಕೊನೆಯ ಸಾಲು ಮುಗಿಸಿ ಪಿಚಕಾರಿಯನ್ನು ಅವ್ವನ ಕೈಗಿತ್ತ. "ಮತ್ತ ಮಳಿ ಆದ್ರ ನೀವ ಹೊಡೀರಿ. ಹಣ್ಣಿಗಿ ಬರ್ತೇನಿ," ಎಂದು ಬಂಡಿ ಹತ್ತಿದ.

ಮಳೆಯಾಯಿತು. ಎಂದೂ ಪಿಚಕಾರಿ ಮುಟ್ಟದ ಅವ್ವ ಸೆರಗು ಸಿಕ್ಕಿಸಿ ಪ್ರತಿ ಕಾಯಿಗೂ ಹೊಡೆದಳು. ಮೊದಲ ಹಣ್ಣನ್ನು ಬೇಲಿಯ ಬಳಿಯೇ ನಿಂತು ಮುರಿದಳು. ಒಳಗೆ ಒಂದೂ ಹುಳವಿರಲಿಲ್ಲ. ಅರ್ಧವನ್ನು ಬೇಲಿಯ ಕಲ್ಲಿನ ಮೇಲಿಟ್ಟಳು. ತನ್ನ ಅರ್ಧವನ್ನು ಕೈಯಲ್ಲಿ ಹಿಡಿದು, ಕತ್ತಲಾಗುವವರೆಗೂ ತಿನ್ನದೆ ನಿಂತಿದ್ದಳು.