ಮೂರು ಬ್ಯಾಟರಿ ಕುಡಿದ ಹೊಸ ಲೆನ್ಸು

ಸ್ನೇಹಿತರೇ, ಇವತ್ತು ರಾವಂದೂರಿನ ಮದುವೆಯಲ್ಲಿ ಈ ಫೋಟೋಗ್ರಾಫರನ ಮಾನ ಕೂದಲೆಳೆಯಲ್ಲಿ ಉಳಿಯಿತು. ಧಾರೆಯ ಹೊತ್ತು. ಹೆಣ್ಣು-ಗಂಡಿನ ಕೈಗೆ ಹಾಲೆರೆಯಲು ನೆಂಟರು ಸಾಲಾಗಿ ನಿಂತಿದ್ದಾಗ ನನ್ನ ಕ್ಯಾಮೆರಾ ಸತ್ತುಹೋಯಿತು. ಬೆಳಿಗ್ಗೆಯಿಂದ ಅದು ಮೂರನೇ ಬ್ಯಾಟರಿ. ಮೊನ್ನೆ ಅಗ್ಗಕ್ಕೆ ಸಿಕ್ಕಿತೆಂದು ತಂದ ಬೇರೆ ಕಂಪನಿಯ ಲೆನ್ಸು, ಕ್ಯಾಮೆರಾ ಆಫ್ ಮಾಡಿದರೂ ಒಳಗೊಳಗೇ ಚಾರ್ಜ್ ಕುಡಿಯುತ್ತಿತ್ತು.

ಆದರೆ ಮೇಲಿನ ಫ್ಲ್ಯಾಶಿಗೆ ಅದರದೇ ಸೆಲ್ಲು ಇರುತ್ತದಲ್ಲ! ಹಾಲೆರೆದವರಿಗೆಲ್ಲ ಬರೀ ಫ್ಲ್ಯಾಶ್ ಹೊಡೆದು "ಸೂಪರ್" ಅಂದೆ. ಆರು ಜನ ಖುಷಿಯಿಂದ ಹೋದರು. ಏಳನೆಯವರು ಹೆಣ್ಣಿನ ಅಜ್ಜಿ.

"ಏನ್ಲಾ, ಬೆಳಕು ಬತ್ತದೆ, ಟಿಕ್ ಅಂತ ಸದ್ದೇ ಬರಾಕಿಲ್ವಲ್ಲ?"

"ಬ್ಯಾಟ್ರಿ ಓಯ್ತು ಕಣಜ್ಜಿ. ಈ ಹೊಸಾ ಲೆನ್ಸಿಗೂ ಕ್ಯಾಮ್ರಾಕೂ ಒಂದಾಣ್ಕೆನೇ ಇಲ್ಲ."

ಅಜ್ಜಿ ಹಾಲಿನ ಚೊಂಬನ್ನು ಸೆರಗಿನಿಂದ ಮುಚ್ಚಿ ಹಿಂದಿನವರಿಗೆ ಕೂಗಿದರು: "ಎಲ್ರೂ ತಡೀರಿ! ಇವನ್ ಡಬ್ಬ ಎದ್ದೇಳಗಂಟ ನಾನು ಎರಿಯಾಕಿಲ್ಲ."

ಚಾರ್ಜಿಗೆ ಹಾಕಿದ್ದ ಮೊದಲ ಬ್ಯಾಟರಿ ತರಲು ಓಡಿದೆ. ಹಳೇ ಲೆನ್ಸು ಸಿಕ್ಕಿಸಿದೆ. ಟಿಕ್! ಅಜ್ಜಿಯ ಕೂಗು ಕೇಳಿದ್ದ ಆ ಆರು ಜನರೂ ವಾಪಸ್ಸು ಬಂದು ಇನ್ನೊಂದು ಸಲ ಎರೆದರು. ಗಂಡಿನ ಪಂಚೆಯೆಲ್ಲ ಹಾಲು. ಕೊನೆಗೆ ಎರೆದ ಅಜ್ಜಿ ನನ್ನ ಕಡೆ ತಿರುಗಿದರು.

"ದಿನಾ ಮದ್ವೆಮನೇಲೇ ಇರ್ತೀಯ. ಇವೆಲ್ಡಕ್ಕೂ ಮುಂಚೇನೇ ಜಾತ್ಕ ತೋರ್ಸಿ ಸಾಲಾವಳಿ ನೋಡಿಸ್ಬಾರ್ದಾಗಿತ್ತೇನ್ಲಾ?"

ಊಟ ಮುಗಿಸಿ ಸೀದಾ ಹುಣಸೂರಿಗೆ ಬಂದು ಲೆನ್ಸನ್ನು ತಂದ ಅಂಗಡಿಯಲ್ಲೇ ಬಿಟ್ಟಿದ್ದೇನೆ. ದುಡ್ಡು ವಾಪಸ್ಸು ಕೊಡಲು ತವರಿನವರು ಇನ್ನೂ ಒಪ್ಪಿಲ್ಲ.